ಗೃಹಾಪರಾಧಗಳಲ್ಲಿ ಬಾಲಸಾಕ್ಷ್ಯದ ತೂಕ

ಬಾಲಸಾಕ್ಷ್ಯವನ್ನು ಕುರಿತ ನಮ್ಮ ನ್ಯಾಯವಿಚಾರಕ್ಕೆ 1952ರಲ್ಲಿ ವರದಿಯಾದ ರಾಜಸ್ಥಾನದ ರಾಮೇಶ್ವರ ಮೊಕದ್ದಮೆಯು ತಳಹದಿ. ಎಂಟರ ಪ್ರಾಯದ ಬಾಲಿಕೆಯ ಮೇಲಿನ ಅತ್ಯಾಚಾರದ ಆ ಪ್ರಕರಣದಲ್ಲಿ, ಸಮರ್ಥಕ ಸಾಕ್ಷ್ಯವನ್ನು ಬೇಡುವುದು ವಿವೇಕದ ನಿಯಮವೇ ಹೊರತು ಕಾನೂನಿನ ಕಟ್ಟಳೆಯಲ್ಲವೆಂದು ಸರ್ವೋಚ್ಚ ನ್ಯಾಯಾಲಯವು ಸಾರಿತು. ಆಕೆ ಕೆಲವೇ ಗಂಟೆಗಳಲ್ಲಿ ತಾಯಿಗೆ ಹೇಳಿದ ಮಾತನ್ನೇ ಸಮರ್ಥನೆಯೆಂದು ಅಂಗೀಕರಿಸಿತು. 2001ರಲ್ಲಿ ಕರ್ನಾಟಕದ ಕೊಲೆ ಮೊಕದ್ದಮೆಯೊಂದರಲ್ಲಿಯೂ ಬಾಲಸಾಕ್ಷಿಯ ಮಾತಿಗೆ ಮನ್ನಣೆ ದೊರೆಯಿತು.

ತತ್ತ್ವವು ನಿರ್ದುಷ್ಟವಾದುದು, ಆದರೆ ಆರೋಪಿಯು ತಂದೆಯೇ ಆದಲ್ಲಿ ಈ ಅಳತೆಗೋಲು ಸಾಲದು. ಅನ್ನವಿಕ್ಕುವ ಕೈಗೆ ಅಂಜಿದ ಮಗು ತಾಯಿಯೆದುರಿಗೂ ಬಾಯಿಬಿಡುವಷ್ಟರಲ್ಲಿ ತಿಂಗಳುಗಳೇ ಕಳೆದಿರಬಹುದು. 2012ರ ಪೋಕ್ಸೊ ಕಾಯಿದೆಯು ಸಾಕ್ಷ್ಯ ನುಡಿಯುವಾಗ ಆರೋಪಿಯನ್ನು ಮಗುವಿನ ಕಣ್ಣಿನಿಂದ ಮರೆಮಾಡಿತು. ಮನೆಯ ಭಯಕ್ಕೆ ಅಂಥ ತೆರೆಯಿಲ್ಲ. ಎಚ್ಚರದಿಂದ ತೂಗುವುದು ಆರೋಪಿಗೂ ಸಲ್ಲಬೇಕಾದ ನ್ಯಾಯ. ಆದರೆ ವಿಳಂಬವನ್ನು ಸುಳ್ಳಿನ ಗುರುತೆಂದೆಣಿಸುವ ಮೊದಲು ಆ ಮೌನದ ಕಾರಣವನ್ನು ವಿಚಾರಿಸುವುದೂ ನ್ಯಾಯಾಧೀಶರ ಧರ್ಮ.