ಹೆಸರು ಮುಚ್ಚಿಟ್ಟರೆ ಸಾಲದು

ಅಕ್ರಮ ಬಯಲಿಗೆಳೆಯುವವರ ರಕ್ಷಣೆಗೆಂದು ಸಂಸತ್ತು ಒಪ್ಪಿದ ವಿಷಲ್ ಬ್ಲೋವರ್ಸ್ ಸಂರಕ್ಷಣಾ ಕಾಯ್ದೆಗೆ ರಾಷ್ಟ್ರಪತಿಗಳ ಅಂಕಿತ ಬಿದ್ದದ್ದು 2014ರ ಮೇ ತಿಂಗಳಲ್ಲಿ. ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿದ ದಿನದಿಂದ ಅದು ಜಾರಿಯಾಗಬೇಕು. ಆ ದಿನ ಇನ್ನೂ ಬಂದಿಲ್ಲ. ಇಂಥ ಕಾಯ್ದೆ ಬೇಕೇ ಎಂದು ಹನೂರು ಸೀಮೆಯವರನ್ನು ಕೇಳುವುದೇ ತಮಾಷೆಯಾದೀತು. 'ಇನ್‌ಫಾರ್ಮರ್' ಎನಿಸಿಕೊಂಡವನ ಗತಿ ಏನೆಂದು ಗೋಪಿನಾಥಂ ಸುತ್ತಿನ ಹಳ್ಳಿಗಳಿಗೆ ಯಾರೂ ಹೇಳಿಕೊಡಬೇಕಿಲ್ಲ. ಬರೀ ಗುಮಾನಿಯ ಮೇಲೆ ಕಾಡುಗಳ್ಳ ವೀರಪ್ಪನ್ ಊರವರ ಜೀವ ತೆಗೆದ. 1993ರ ಏಪ್ರಿಲ್ 9ರಂದು ಪಾಲಾರ್ ಬಳಿ ಅವನು ಹೂತಿಟ್ಟ ಬಾಂಬಿಗೆ ಬಲಿಯಾದ 22 ಮಂದಿಯಲ್ಲಿ ಪೊಲೀಸರ ಜೊತೆ ಮಾಹಿತಿದಾರರೂ ಇದ್ದರು. ಸರ್ಕಾರದ ಕಚೇರಿಗಳೂ ಗುಟ್ಟು ಕಾಯುವುದರಲ್ಲಿ ಹೆಚ್ಚೇನಲ್ಲ. ಹೆದ್ದಾರಿ ಕಾಮಗಾರಿಯ ಅಕ್ರಮದ ಬಗ್ಗೆ ಎಂಜಿನಿಯರ್ ಸತ್ಯೇಂದ್ರ ದುಬೆ ಪ್ರಧಾನಿ ಕಚೇರಿಗೆ ಬರೆದ ಪತ್ರ, ಹೆಸರು ಗೋಪ್ಯವಾಗಿಡಿ ಎಂದು ಕೇಳಿಕೊಂಡಿದ್ದರೂ, ಹೆಸರಿನ ಸಮೇತ ಇಲಾಖೆಗಳನ್ನು ಸುತ್ತಿತು. 2003ರ ನವೆಂಬರ್‌ನಲ್ಲಿ ಗಯಾದಲ್ಲಿ ಅವರ ಕೊಲೆಯಾಯಿತು. ಅದು ದರೋಡೆಗಾಗಿ ನಡೆದ ಕೊಲೆ ಎಂದು ಸಿಬಿಐ ಹೇಳಿದರೂ ಹೆಸರು ಸೋರಿದ್ದಂತೂ ಸುಳ್ಳಲ್ಲ.

ಕಾಯ್ದೆ ಈ ಸೋರಿಕೆಯನ್ನೇ ಗುರಿಯಾಗಿಸಿಕೊಂಡಿದೆ. ದೂರುದಾರನ ಗುರುತು ಬಿಟ್ಟುಕೊಟ್ಟವರಿಗೆ 3 ವರ್ಷದವರೆಗೆ ಜೈಲು. ಕಿರುಕುಳದ ಆರೋಪ ಬಂದರೆ, ತಾನು ಕಿರುಕುಳ ಕೊಟ್ಟಿಲ್ಲವೆಂದು ರುಜುವಾತು ಮಾಡಬೇಕಾದ ಹೊಣೆ ಇಲಾಖೆಯದೇ. ಇದು ಮೆಚ್ಚಬೇಕಾದ ಮಾತು. ಆದರೆ ಹೆಸರು ಮುಚ್ಚಿಟ್ಟರೆ ಆಳು ಸಿಗುವುದಿಲ್ಲ ಎಂಬ ನಂಬಿಕೆ ದೊಡ್ಡ ಕಚೇರಿಗಳನ್ನು ಮನಸ್ಸಿನಲ್ಲಿಟ್ಟುಕೊಂಡದ್ದು. 2025ರ ಜೂನ್‌ನಲ್ಲಿ ಮಲೆ ಮಹದೇಶ್ವರ ವನ್ಯಧಾಮದ ಹೂಗ್ಯಂ ವಲಯದಲ್ಲಿ ತಾಯಿ ಹುಲಿ, ನಾಲ್ಕು ಮರಿಗಳು ವಿಷಕ್ಕೆ ಸತ್ತವು; ಕಾಡು ಕಾಯುವ ಹೊರಗುತ್ತಿಗೆ ನೌಕರರಿಗೆ ತಿಂಗಳುಗಟ್ಟಲೆ ಸಂಬಳವಾಗಿರಲಿಲ್ಲ ಎಂಬುದು ಆಗ ಸುದ್ದಿಯಾಯಿತು. ಹುಲಿ ಸಾಯುವ ಮೊದಲೇ ಅದು ಸುದ್ದಿಯಾಗಬೇಕಿತ್ತು. ಯಳಂದೂರಿನ ಬಿಳಿಗಿರಿರಂಗನ ಬೆಟ್ಟದಲ್ಲೋ ಹನೂರಿನ ಕಾಡಿನಲ್ಲೋ ನಾಲ್ಕೇ ಜನರಿರುವ ಶಿಬಿರದಿಂದ ಒಂದು ದೂರು ಹೋಯಿತೆನ್ನಿ. ಬರೆದವರು ಯಾರೆಂದು ಅದರಲ್ಲಿರುವ ವಿವರವೇ ಹೇಳಿಬಿಡುತ್ತದೆ. ಮುಂದಿನ ತಿಂಗಳು ಏಜೆನ್ಸಿ ಅವನನ್ನು ಕೆಲಸಕ್ಕೆ ಕರೆಯುವುದಿಲ್ಲ, ಅಷ್ಟೇ. ವಜಾ ಆದೇಶವಿಲ್ಲ, ಕಡತವಿಲ್ಲ. 'ಅವನು ನಮ್ಮ ನೌಕರನೇ ಅಲ್ಲ' ಎನ್ನಲು ಇಲಾಖೆಗೂ ದಾರಿಯಿದೆ.

ರಕ್ಷಣೆ ಕೊಟ್ಟರೆ ಹಗೆ ತೀರಿಸಿಕೊಳ್ಳುವವರು ಮೂಗರ್ಜಿ ಗೀಚಿ ಅಧಿಕಾರಿಗಳ ಕೈ ಕಟ್ಟುತ್ತಾರೆ ಎಂಬ ಆಕ್ಷೇಪ ತಾಲ್ಲೂಕು ಕಚೇರಿಗಳ ಮಟ್ಟಿಗೆ ಪೂರಾ ಸುಳ್ಳಲ್ಲ. ಆದರೆ ಈ ಕಾಯ್ದೆ ಮೂಗರ್ಜಿಯನ್ನು ಮುಟ್ಟುವುದೇ ಇಲ್ಲ. ದೂರುದಾರ ಹೆಸರು ಹೇಳಲೇಬೇಕು, ದುರುದ್ದೇಶದಿಂದ ಸುಳ್ಳು ಹೇಳಿದರೆ 2 ವರ್ಷದವರೆಗೆ ಜೈಲು. ಸಜ್ಜನರು ಮೂಗರ್ಜಿಯ ಮೊರೆಹೋಗುವುದು ಸಹಿ ಹಾಕಲು ಭಯವಿರುವುದರಿಂದ. ದೂರುದಾರರ ರಕ್ಷಣೆಗೆಂದು ಕೇಂದ್ರ 2004ರಲ್ಲಿ ಹೊರಡಿಸಿದ ನಿರ್ಣಯವೇ ಸಾಕು ಎನ್ನುವವರೂ ಇದ್ದಾರೆ. ಅದು ಕೇಂದ್ರದ ಕಚೇರಿಗಳಿಗಷ್ಟೇ, ಕೊಳ್ಳೇಗಾಲದ ತಹಶೀಲ್ದಾರ್ ಕಚೇರಿಗೆ ತಾಗದು. ನನ್ನ ತಕರಾರು ಬೇರೆ: ಕಿರುಕುಳ ನಿಲ್ಲಿಸೆಂಬ ಆದೇಶವನ್ನು ಬೇಕೆಂದೇ ಮೀರಿದವನಿಗೆ ಇಲ್ಲಿರುವ ದಂಡ ಹೆಚ್ಚೆಂದರೆ 30,000 ರೂಪಾಯಿ. ಕೆಲಸ ಕಳೆದುಕೊಂಡವನ ನಷ್ಟಕ್ಕೆ ಹೋಲಿಸಿದರೆ ಇದು ಅಗ್ಗದ ಬಾಬ್ತು. ಅಧಿಸೂಚನೆಗೆ ದಿಲ್ಲಿಯ ದಾರಿ ಕಾಯಬೇಕಾದರೂ, ದೂರು ಕೊಟ್ಟ ಹೊರಗುತ್ತಿಗೆ ನೌಕರನನ್ನು ವಿಚಾರಣೆ ಮುಗಿಯುವವರೆಗೆ ಕೈಬಿಡಕೂಡದೆಂದು ಏಜೆನ್ಸಿಗಳ ಕರಾರಿನಲ್ಲಿ ಒಂದು ಷರತ್ತು ಸೇರಿಸಲು ರಾಜ್ಯ ಸರ್ಕಾರ ಯಾರನ್ನೂ ಕೇಳಬೇಕಿಲ್ಲ. ಮುಂದಿನ ಟೆಂಡರಿನಲ್ಲೇ ಅದು ಬರಲಿ.