ಅಂಕ ಹಾಕುವ ಹಕ್ಕಿಲ್ಲದ ಗುರು: ಗ್ರಾಮೀಣ ಕೃಷಿ ಕಾರ್ಯಾನುಭವದ ಕುರಿತು

ಕೃಷಿ ಪದವಿಯ ಕೊನೆಯ ವರ್ಷದಲ್ಲಿ ವಿದ್ಯಾರ್ಥಿಗಳು ಹಳ್ಳಿಗೆ ಬಂದು ಉಳಿಯುವ ಗ್ರಾಮೀಣ ಕೃಷಿ ಕಾರ್ಯಾನುಭವದ ಬಗ್ಗೆ ಕೆಟ್ಟ ಮಾತು ಕೇಳಿಬರುವುದು ಅಪರೂಪ. ವಿದ್ಯಾರ್ಥಿಗಳು ಅದನ್ನು ಚಿಕ್ಕದಾಗಿ ‘ರಾವೆ’ ಅನ್ನುತ್ತಾರೆ. ಜಿಲ್ಲಾ ಪುಟಗಳಲ್ಲಿ ಅದರ ಸುದ್ದಿ ಬಂದಾಗಲೆಲ್ಲ ಚಿತ್ರ ಒಂದೇ: ಬಿಳಿ ಟೋಪಿ ಹಾಕಿಕೊಂಡ ಹುಡುಗ ಹುಡುಗಿಯರು ಕೈ ಎತ್ತಿ ಏನನ್ನೋ ವಿವರಿಸುತ್ತಿರುತ್ತಾರೆ, ಹೆಗಲಿಗೆ ಟವೆಲ್ ಹಾಕಿಕೊಂಡ ರೈತರು ನಿಂತು ಕೇಳುತ್ತಿರುತ್ತಾರೆ. ಪ್ರಯೋಗಾಲಯದಿಂದ ಹೊಲಕ್ಕೆ ಜ್ಞಾನ ಇಳಿದು ಬಂತು ಎಂದು ಗಣ್ಯರು ಭಾಷಣ ಮಾಡುತ್ತಾರೆ. ಈ ಕೀರ್ತಿ ಅಳತೆ ಮೀರಿದ್ದು ಎಂಬುದು ನನ್ನ ಅಭಿಪ್ರಾಯ. ಅದರ ನೆರಳಲ್ಲಿ ಒಬ್ಬರು ಕಾಣದೇ ಹೋಗಿದ್ದಾರೆ. ಆ ಮಕ್ಕಳನ್ನು ಮನೆಗೆ ಕರೆದು, ಹೊಲಕ್ಕೆ ಬಿಟ್ಟುಕೊಂಡು, ಕೆಲಸ ತೋರಿಸುವ ಆತಿಥೇಯ ರೈತ ಅವರು. ಊರಲ್ಲಿ ಅವರನ್ನು ಯಜಮಾನರು ಅನ್ನುತ್ತಾರೆ. ಕಾರ್ಯಕ್ರಮದ ಕಾಗದದಲ್ಲಿ ಮಾತ್ರ ಅವರಿಗೆ ಯಜಮಾನಿಕೆ ಇಲ್ಲ.

ಇಂಥ ಕಾರ್ಯಾನುಭವ ಬೇಕು ಎಂದ ರಾಂಧವಾ ಸಮಿತಿಯಿಂದ ಹಿಡಿದು ಕೃಷಿ ಪದವಿಯ ಪಠ್ಯಕ್ರಮ ರೂಪಿಸಿದ ಐದನೇ ಡೀನ್‌ಗಳ ಸಮಿತಿಯವರೆಗಿನ ಚರಿತ್ರೆ ಈ ವಿಷಯದಲ್ಲಿ ಆಸಕ್ತಿ ಇರುವವರಿಗೆ ಗೊತ್ತಿದೆ. 2015ರ ಜುಲೈನಲ್ಲಿ ‘ಸ್ಟೂಡೆಂಟ್ ರೆಡಿ’ ಎಂಬ ಹೆಸರಿನಲ್ಲಿ ಇಡೀ ಕೊನೆಯ ವರ್ಷವೇ ಅನುಭವ ಕಲಿಕೆಗೆ ಮೀಸಲಾಯಿತು: ಎರಡು ಸೆಮಿಸ್ಟರ್, ತಲಾ 20 ಕ್ರೆಡಿಟ್. ಏಳನೇ ಸೆಮಿಸ್ಟರಿನ 20 ವಾರಗಳಲ್ಲಿ 8 ವಾರ ಹಳ್ಳಿಯದು, 3 ವಾರ ಕೃಷಿ ಉದ್ಯಮದ್ದು, ಉಳಿದದ್ದು ಸಂಶೋಧನಾ ಕೇಂದ್ರ, ಸಸ್ಯ ಚಿಕಿತ್ಸಾಲಯ, ವರದಿ ಬರೆಯುವುದು ಇತ್ಯಾದಿ. ವಿದ್ಯಾರ್ಥಿಗೆ ಆರು ತಿಂಗಳ ಮಟ್ಟಿಗೆ ತಿಂಗಳಿಗೆ 3,000 ರೂಪಾಯಿ ಭತ್ಯೆ. ಚೌಕಟ್ಟು ಇಷ್ಟು.

ಈಗ ಆ 8 ವಾರಗಳ ಪಟ್ಟಿಯನ್ನು ಸ್ವಲ್ಪ ಹತ್ತಿರದಿಂದ ಓದಬೇಕು. ಮೊದಲ ವಾರ ಊರಿನ ಪರಿಚಯ ಮತ್ತು ಸಮೀಕ್ಷೆ. ಆಮೇಲೆ ಬೇಸಾಯ, ಸಸ್ಯ ಸಂರಕ್ಷಣೆ, ಮಣ್ಣಿನ ಸುಧಾರಣೆ, ಹಣ್ಣು ತರಕಾರಿ, ಆಹಾರ ಸಂಸ್ಕರಣೆ ಮತ್ತು ದಾಸ್ತಾನು, ಪಶುಪಾಲನೆ, ಕೊನೆಗೆ ವಿಸ್ತರಣೆ. ಪ್ರತಿ ವಾರವೂ ವಿದ್ಯಾರ್ಥಿ ಹೊಲದಲ್ಲಿ ಏನನ್ನು ತಿದ್ದಬೇಕು, ಏನನ್ನು ಸೇರಿಸಬೇಕು ಎಂಬುದರ ಮೇಲೆ ನಿಂತಿದೆ. ಈ ಪಟ್ಟಿ ಇರುವ ದಾಖಲೆಯಲ್ಲೇ ಬರೆದ ಉದ್ದೇಶಗಳಲ್ಲಿ ಮೊದಲನೆಯದು ಗ್ರಾಮದ ಪರಿಸ್ಥಿತಿಯನ್ನು ಅರಿಯುವುದು, ಎರಡನೆಯದು ರೈತರ ಸ್ಥಿತಿಗತಿ ಮತ್ತು ಕಷ್ಟಗಳನ್ನು ತಿಳಿಯುವುದು. ಉದ್ದೇಶ ಕಲಿಯುವುದರ ಬಗ್ಗೆ ಮಾತಾಡಿದರೆ ವಾರದ ಪಟ್ಟಿ ಕಲಿಸುವುದರ ಬಗ್ಗೆ ಮಾತಾಡುತ್ತದೆ. ಒಂದು ವಾರದಲ್ಲಿ ಸಮೀಕ್ಷೆ ಮುಗಿಸಿದ ಇಪ್ಪತ್ತೊಂದರ ಹುಡುಗಿ ಎರಡನೇ ವಾರದ ಸೋಮವಾರ ನಲವತ್ತು ವರ್ಷ ಕೂರಿಗೆ ಹಿಡಿದವರ ಬೇಸಾಯ ತಿದ್ದಲು ನಿಲ್ಲಬೇಕು. ಇದರಲ್ಲಿ ಆಕೆಯ ತಪ್ಪೇನೂ ಇಲ್ಲ, ಪಟ್ಟಿ ಬರೆದವರದೇ ತಪ್ಪು.

ಆ ಮೊದಲ ವಾರದ ಮುಖ್ಯ ಆಕರ್ಷಣೆ ಊರಿನ ನಕ್ಷೆ. ಈ ವಿಮರ್ಶೆ ನಿಂತಿರುವುದೇ ಅದರ ಮೇಲೆ. ಗುಡಿಯ ಮುಂದಿನ ಬಯಲಲ್ಲೋ ಶಾಲೆಯ ಅಂಗಳದಲ್ಲೋ ಬೆಳಿಗ್ಗೆ ಬಿಸಿಲೇರುವ ಮೊದಲು ವಿದ್ಯಾರ್ಥಿಗಳು ರಂಗೋಲಿ ಪುಡಿ ಹಿಡಿದು ಕೂರುತ್ತಾರೆ. ಹಳ್ಳಕ್ಕೆ ನೀಲಿ, ಬೆಳೆಗೆ ಹಸಿರು, ರಸ್ತೆಗೆ ಕೆಂಪು, ಮನೆಗಳಿಗೆ ಹಳದಿ. ಹಿಂದಿನ ರಾತ್ರಿ ಮೊಬೈಲಿನ ಭೂಪಟ ನೋಡಿ ಕಾಗದದ ಮೇಲೆ ಗೆರೆ ಎಳೆದುಕೊಂಡಿರುತ್ತಾರೆ, ಬೆಳಿಗ್ಗೆ ಅದನ್ನೇ ದೊಡ್ಡದು ಮಾಡಿ ನೆಲಕ್ಕೆ ಇಳಿಸುತ್ತಾರೆ. ಹತ್ತು ಗಂಟೆಗೆ ನಕ್ಷೆ ಮುಗಿದಿರುತ್ತದೆ, ಊರಿನವರು ಸುತ್ತ ನಿಲ್ಲುತ್ತಾರೆ, ಫೋಟೊ ಆಗುತ್ತದೆ. ವರದಿಯಲ್ಲಿ ಅದಕ್ಕೆ ‘ಸಹಭಾಗಿ ಗ್ರಾಮೀಣ ಸಮೀಕ್ಷೆ’ ಎಂಬ ತಲೆಬರಹ.

ಈ ತಂತ್ರದ ಮೂಲ ತಿಳಿದವರಿಗೆ ಇದನ್ನು ನೋಡುವುದು ಕಷ್ಟ. ಬ್ರಿಟನ್ನಿನ ರಾಬರ್ಟ್ ಚೇಂಬರ್ಸ್ ಅವರ ಹೆಸರಿನ ಜೊತೆ ಜಗತ್ತೆಲ್ಲ ಸುತ್ತಿದ ಈ ವಿಧಾನಕ್ಕೆ 1980ರ ದಶಕದ ಕೊನೆಯಲ್ಲಿ ರೂಪ ಸಿಕ್ಕ ಜಾಗಗಳಲ್ಲಿ ಕರ್ನಾಟಕವೂ ಒಂದು. ಬೆಂಗಳೂರಿನ ಮೈರಾಡ ಸಂಸ್ಥೆಯವರು ನಮ್ಮ ಬರಗಾಲದ ಹಳ್ಳಿಗಳಲ್ಲೇ ಅದನ್ನು ಪಳಗಿಸಿದರು. ಅದರ ನಿಯಮ ಒಂದೇ, ಅದರಲ್ಲಿ ರಾಜಿ ಇರಲಿಲ್ಲ: ನೆಲದ ಮೇಲೆ ಗೆರೆ ಎಳೆಯುವ ಕೋಲು ಊರಿನವರ ಕೈಯಲ್ಲಿರಬೇಕು, ಹೊರಗಿನಿಂದ ಬಂದವರು ಸುಮ್ಮನೆ ಕೂತು ನೋಡಬೇಕು. ಆ ಗೆರೆ ಎಳೆಯುವಾಗ ಹುಟ್ಟುವ ಜಗಳವೇ ಆ ವಿಧಾನದ ಫಲ. ಬಂಡಿ ದಾರಿ ಯಾರ ಹೊಲದ ಬದುವಿನ ಮೇಲೆ ಹೋಗುತ್ತದೆ, ಯಾವ ಹೊಲ ಲಾವಣಿಗೆ ಹೋಗಿದೆ, ಯಾವ ಬೋರು ಬತ್ತಿದೆ, ಯಾವ ಕೇರಿಗೆ ನಳದ ನೀರು ಮುಟ್ಟುವುದಿಲ್ಲ ಎಂಬುದೆಲ್ಲ ಬಯಲಿಗೆ ಬರುವುದು ಒಬ್ಬ ಎಳೆದ ಗೆರೆಯನ್ನು ಇನ್ನೊಬ್ಬ ಅಳಿಸಿದಾಗ. ಮಧ್ಯಾಹ್ನಕ್ಕೆ ಉಳಿಯುವ ಬಣ್ಣದ ಚಿತ್ರಕ್ಕೆ ಅಷ್ಟು ಬೆಲೆ ಇಲ್ಲ. ನಮ್ಮ ಕಾರ್ಯಾನುಭವದಲ್ಲಿ ಆ ಚಿತ್ರವೊಂದೇ ಉಳಿದು ಜಗಳ ಮಾಯವಾಗಿದೆ.

ಕಲಘಟಗಿ ಸೀಮೆಯಲ್ಲಿ ಇಂಥ ಒಂದು ನಕ್ಷೆಯ ಮುಂದೆ ನಾನು ನಿಂತಿದ್ದೆ. ಯಾವ ಕಾಲೇಜಿನದು ಎಂಬುದು ಇಲ್ಲಿ ಬೇಡ. ನೀಲಿ ಗೆರೆ ಬಹಳ ಅಚ್ಚುಕಟ್ಟಾಗಿತ್ತು. ಪಕ್ಕದಲ್ಲಿದ್ದ ಹಿರಿಯರು ಮೆಲ್ಲಗೆ ಅಂದರು: “ನಕ್ಷಾ ಚಂದ ಐತ್ರಿ. ಆದ್ರ ಹಳ್ಳ ಬ್ಯಾಸಗ್ಯಾಗ ಇದ್ದಂಗ ಬರದಾರ. ಮಳಿಗಾಲದಾಗ ಅದು ನಮ್ಮ ಹೊಲದಾಗ ಇರತೈತಿ.” ಮಕ್ಕಳಿಗೆ ಈ ಮಾತು ಕೇಳಿಸಲಿಲ್ಲ, ಅವರು ಫೋಟೊಕ್ಕೆ ಸಾಲಾಗಿ ನಿಲ್ಲುತ್ತಿದ್ದರು. ಪ್ರತಿ ವರ್ಷ ಎಷ್ಟು ಗುಂಟೆ ಮಣ್ಣು ಕೊಚ್ಚಿ ಹೋಗುತ್ತದೆ, ಅಲ್ಲಿ ಏನು ಬಿತ್ತಿದರೆ ನಿಲ್ಲುತ್ತದೆ ಎಂಬ ಪಾಠ ಆ ಎರಡು ವಾಕ್ಯದಲ್ಲಿತ್ತು. ಮಣ್ಣಿನ ಸುಧಾರಣೆಗೆಂದು ಕಾದಿಟ್ಟ ಇಡೀ ವಾರದ ಪಾಠವನ್ನು ಅಲ್ಲಿಂದಲೇ ಶುರು ಮಾಡಬಹುದಿತ್ತು.

ಇನ್ನೊಂದು ಸಂಗತಿ ನನ್ನನ್ನು ಬಹಳ ಕಾಡುತ್ತದೆ. ರಂಗೋಲಿ ಹಾಕುವುದು ನಮ್ಮ ಹೆಣ್ಣುಮಕ್ಕಳ ಕೈಯ ವಿದ್ಯೆ. ಆ ಪುಡಿಯಿಂದಲೇ ಊರ ನಕ್ಷೆ ಬಿಡಿಸುವಾಗ ಊರಿನ ಹೆಂಗಸರು ಬಾಗಿಲ ಮರೆಯಲ್ಲಿ ನಿಂತು ನೋಡುತ್ತಾರೆ. ಬೀಜ ಯಾವ ಗಡಿಗೆಯಲ್ಲಿದೆ, ಕಸ ತೆಗೆಯಲು ಎಷ್ಟು ಆಳು ಬೇಕು, ಹೈನಿನ ದುಡ್ಡು ಎಲ್ಲಿಗೆ ಹೋಗುತ್ತದೆ ಎಂಬುದು ಅವರಿಗೆ ಗೊತ್ತು. ಅವರ ಕೈಗೆ ಪುಡಿ ಕೊಟ್ಟರೆ ಬೇರೆಯದೇ ಊರು ನೆಲದ ಮೇಲೆ ಮೂಡುತ್ತದೆ. ಆತಿಥೇಯ ರೈತ ಅಂದಾಗ ನಾವು ಗಂಡಸನ್ನೇ ಕಲ್ಪಿಸಿಕೊಳ್ಳುತ್ತೇವೆ. ಮಕ್ಕಳಿಗೆ ರೊಟ್ಟಿ ಬಡಿದು ಹಾಕುವ, ಜೊತೆಗೆ ಎಮ್ಮೆ ಹಿಂಡುವುದನ್ನೂ ಕಲಿಸುವ ಅವ್ವನ ಹೆಸರು ವರದಿಯ ಕೃತಜ್ಞತೆಯ ಪುಟದಲ್ಲೂ ಬರುವುದಿಲ್ಲ.

ಕಾಲದ ಪ್ರಶ್ನೆಯೂ ಇದೆ. ದೇವಿಕೊಪ್ಪದಂಥ ಅರೆಮಲೆನಾಡಿನ ಊರಲ್ಲಿ ಕೂರಿಗೆ ಭತ್ತ ಬೀಳುವುದು ರೋಹಿಣಿ ಮಳೆಯ ಹೊತ್ತಿಗೆ, ಮೇ ಕೊನೆಯಿಂದ ಜೂನ್ ಮೊದಲ ವಾರದಲ್ಲಿ. ಒಣ ಮಣ್ಣಿಗೆ ಬೀಜ ಹಾಕಿ ಮಳೆಗೆ ಕಾಯುವ ಧೈರ್ಯದ ಬೇಸಾಯ ಇದು. ಬೇಸಾಯದ ದೊಡ್ಡ ತೀರ್ಮಾನಗಳೆಲ್ಲ ಆ ಕೆಲವು ದಿನಗಳಲ್ಲಿ ಆಗುತ್ತವೆ: ಭತ್ತವೋ ಗೋವಿನಜೋಳವೋ ಸೋಯಾವೋ, ಸೊಸೈಟಿಯ ಸಾಲ ಸಾಕೋ ದಲಾಲರ ಹತ್ತಿರ ಹೋಗಬೇಕೋ. ಏಳನೇ ಸೆಮಿಸ್ಟರ್ ಶುರುವಾಗಿ ಮಕ್ಕಳು ಊರು ಮುಟ್ಟುವ ಹೊತ್ತಿಗೆ ಎಡೆ ಹೊಡೆದು ಮುಗಿದು, ಗೋವಿನಜೋಳ ಆಳೆತ್ತರ ನಿಂತಿರುತ್ತದೆ. ಸೋಯಾ ಕಾಯಿ ಕಟ್ಟಿದ ಹೊಲದ ದಂಡೆಯಲ್ಲಿ ನಿಂತು ಸೋಯಾ ಬೀಜೋಪಚಾರದ ಪ್ರಾತ್ಯಕ್ಷಿಕೆ ನಡೆಯುತ್ತದೆ. ಅದೇ ಪ್ರಾತ್ಯಕ್ಷಿಕೆ ನವಲಗುಂದ, ಅಣ್ಣಿಗೇರಿಯ ಕರಿ ಮಣ್ಣಿನಲ್ಲಿ ಕಡಲೆ ಬಿತ್ತುವ ಮುಂಚೆ ನಡೆದರೆ ಬಹಳ ಉಪಯೋಗ. ಹಿಂಗಾರಿ ಸೀಮೆಗೆ ಹೊಂದುವ ವೇಳಾಪಟ್ಟಿಯನ್ನು ಮುಂಗಾರಿ ಸೀಮೆಗೂ ಹೊದಿಸಿದರೆ ಇದೇ ಗತಿ. ಧಾರವಾಡ ಎಂಬ ಒಂದೇ ಜಿಲ್ಲೆಯೊಳಗೆ ಇಷ್ಟು ಅಂತರ ಇರುವಾಗ ಇಡೀ ದೇಶಕ್ಕೆ ಒಂದೇ ಸೆಮಿಸ್ಟರ್ ಹೇಗೆ ಹೊಂದುತ್ತದೆ?

ಒಳ್ಳೆಯದೇನೂ ಆಗಿಲ್ಲ ಎಂದು ನಾನು ಹೇಳುತ್ತಿಲ್ಲ. ಮಣ್ಣಿನ ಮಾದರಿ ತೆಗೆಯುವ ಕ್ರಮ, ಲಿಂಗಾಕರ್ಷಕ ಬಲೆ, ಅಜೋಲ್ಲಾ ತೊಟ್ಟಿ ಎಷ್ಟೋ ಮನೆಗಳಿಗೆ ಈ ಮಕ್ಕಳ ಮೂಲಕವೇ ತಲುಪಿವೆ. 2018ರಲ್ಲಿ ಶಿವಮೊಗ್ಗ ಕಡೆ ಮೊದಲು ಕಂಡ ಫಾಲ್ ಸೈನಿಕ ಹುಳು ಗೋವಿನಜೋಳಕ್ಕೆ ಬಿದ್ದಾಗ ಅದರ ಗುರುತು ಹೇಳಬಲ್ಲವರು ಊರಲ್ಲಿರುವುದು ಸಣ್ಣ ಮಾತಲ್ಲ.

ಆದರೆ ಈ ಕಾರ್ಯಕ್ರಮವನ್ನು ಟೀಕಿಸುವ ಇತರರ ಜೊತೆ ನನ್ನ ತಕರಾರು ಇನ್ನೂ ದೊಡ್ಡದು. ಅವರ ಪ್ರಕಾರ ದೋಷವೆಲ್ಲ ಮಕ್ಕಳದು: ಇವರು ಮಣ್ಣು ಮುಟ್ಟದವರು, ಪಟ್ಟಣದವರು, ಬ್ಯಾಂಕ್ ಪರೀಕ್ಷೆ, ಕೆಎಎಸ್ ಎಂದು ಓದುವವರು, ಹಳ್ಳಿಗೆ ಬಂದು ಸೆಲ್ಫಿ ಹೊಡೆದು ಹೋಗುವವರು. ಈ ಮಾತು ಆಡುವವರು ಪ್ರವೇಶದ ನಿಯಮವನ್ನೇ ಓದಿಲ್ಲ. ಕರ್ನಾಟಕದಲ್ಲಿ ಕೃಷಿ ಪದವಿಗೆ ಕೃಷಿಕರ ಮಕ್ಕಳ ಮೀಸಲಾತಿ ಮೊದಲಿನಿಂದ ಇದೆ, 2021ರಲ್ಲಿ ಅದನ್ನು ಶೇ. 40ರಿಂದ 50ಕ್ಕೆ ಏರಿಸಲಾಯಿತು. ಆ ಸೀಟಿಗೆ ಬರುವ ಹುಡುಗ ಹುಡುಗಿಯರು ಬೀಜ, ಗೊಬ್ಬರ, ಸಲಕರಣೆ ಗುರುತಿಸುವ ಪ್ರಾಯೋಗಿಕ ಪರೀಕ್ಷೆ ಬರೆದೇ ಒಳಗೆ ಬಂದಿರುತ್ತಾರೆ. ಕುಂದಗೋಳದ ಮೆಣಸಿನಕಾಯಿ ಹೊಲದಲ್ಲಿ ಬೆಳೆದ ಹುಡುಗಿಗೆ ಮಣ್ಣು ಗೊತ್ತಿಲ್ಲ ಅನ್ನುವುದು ಅನ್ಯಾಯ. ಬರುವಾಗ ಆಕೆಯ ಕೈಯಲ್ಲಿದ್ದ ತಿಳಿವಳಿಕೆಗೆ ಮೂರು ವರ್ಷದ ಓದಿನಲ್ಲಿ ಅಂಕವೇ ಸಿಗುವುದಿಲ್ಲ. ಆಮೇಲೆ ಹಳ್ಳಿಗೆ ಉಪದೇಶಕಿಯಾಗಿ ಕಳಿಸುತ್ತೇವೆ. ಆಕೆ ಮಾತಾಡುವುದು ನಾವು ಕಲಿಸಿದ ಮಾತನ್ನೇ. ಉದ್ಯೋಗದ ಪರೀಕ್ಷೆಗೆ ಓದುತ್ತಾಳೆ ಎಂಬ ಆರೋಪವಂತೂ ಇನ್ನೂ ಕಠೋರ. ನಾಲ್ಕು ಎಕರೆಯ ಮನೆಯಿಂದ ಬಂದವಳು ಸಂಬಳದ ಕೆಲಸ ಹುಡುಕುವುದು ಅಪರಾಧವೇ?

ಇನ್ನು ಕೆಲವರು ಹಳ್ಳಿಯ ವಾರಗಳನ್ನು ಕಡಿಮೆ ಮಾಡಿ ಕಂಪನಿಗಳಲ್ಲಿ ಕೂರಿಸಿ ಅನ್ನುತ್ತಾರೆ. ಇವರ ವಾದದಲ್ಲಿ ಒಂದು ನಿಜ ಇದೆ, ಅವರು ಹೇಳಲು ಹೊರಟದ್ದು ಅದಲ್ಲದಿದ್ದರೂ. ಆ 3 ವಾರಗಳ ಉದ್ಯಮ ವಾಸದಲ್ಲಿ ಬೀಜದ ಕಂಪನಿಯೋ ಸಂಸ್ಕರಣಾ ಘಟಕವೋ ವಿದ್ಯಾರ್ಥಿಗೆ ಪ್ರಮಾಣಪತ್ರ ಕೊಡುತ್ತದೆ, ಅದರ ಮುದ್ರೆಗೆ ಬೆಲೆ ಇದೆ. ಕೆನಡಾದ ವಾಟರ್ಲೂ ವಿಶ್ವವಿದ್ಯಾಲಯದಲ್ಲಿ ಕೆಲಸದ ಪ್ರತಿ ಅವಧಿ ಮುಗಿದಾಗ ಕೆಲಸ ಕೊಟ್ಟವರೇ ವಿದ್ಯಾರ್ಥಿಯ ಮೌಲ್ಯಮಾಪನ ಬರೆಯುತ್ತಾರೆ. ನಮ್ಮ ವೈದ್ಯ ವಿದ್ಯಾರ್ಥಿಗಳ ಒಂದು ವರ್ಷದ ತರಬೇತಿಯಲ್ಲೂ ಕೆಲಸ ಮಾಡಿಸಿದ ವೈದ್ಯರ ಸಹಿ ಬೇಕು. 3 ವಾರ ಇಟ್ಟುಕೊಂಡ ಕಂಪನಿಯ ಮಾತಿಗೆ ಬೆಲೆ, 8 ವಾರ ಇಟ್ಟುಕೊಂಡ ರೈತರ ಮಾತಿಗೆ ಬೆಲೆ ಇಲ್ಲ. ನಾನು ಕಂಡ ಮೌಲ್ಯಮಾಪನ ಪಟ್ಟಿಗಳಲ್ಲಿ ದಿನಚರಿ, ವರದಿ, ಮೌಖಿಕ ಪರೀಕ್ಷೆಗೆ ಕಾಲಂ ಇತ್ತು. ಆತಿಥೇಯರಿಗೆ ಇದ್ದದ್ದು ಹಾಜರಿಯ ಕೆಳಗೆ ಒಂದು ಸಹಿಯ ಜಾಗ ಮಾತ್ರ. ಈ ಹುಡುಗ ಬೆಳಿಗ್ಗೆ ಆರಕ್ಕೆ ಹೊಲಕ್ಕೆ ಬಂದನೇ, ಕೇಳಿ ಕಲಿತನೇ, ತಿಳಿಯದ್ದನ್ನು ತಿಳಿಯದು ಎಂದನೇ ಎಂಬುದನ್ನು ನಿಜವಾಗಿ ಹೇಳಬಲ್ಲವರು ಅವರೊಬ್ಬರೇ. ನನಗೆ ಪರಿಚಯ ಇರುವ ಆತಿಥೇಯ ರೈತರಲ್ಲಿ ಯಾರಿಗೂ ಈ ಕೆಲಸಕ್ಕೆ ಒಂದು ರೂಪಾಯಿ ಗೌರವಧನವೂ ಬಂದಿಲ್ಲ. ಅವರು ಅದನ್ನು ಬಾಯಿಬಿಟ್ಟು ಕೇಳುವವರೂ ಅಲ್ಲ.

1986ರಿಂದ ಈ ಸೀಮೆಯ ಮಣ್ಣಿನ ಜೊತೆ ಬೆಳೆದ ಧಾರವಾಡದ ಕೃಷಿ ವಿಶ್ವವಿದ್ಯಾಲಯಕ್ಕೆ ಇದನ್ನು ತಿದ್ದುವ ದಾರಿ ತೋರಿಸುವ ಶಕ್ತಿ ಇದೆ. ಪ್ರತಿ ಸೆಪ್ಟೆಂಬರಿನ ಕೃಷಿ ಮೇಳದಲ್ಲಿ ಸೇರುವ ರೈತರ ಜಾತ್ರೆಯೇ ಆ ಸಂಸ್ಥೆಯ ಮೇಲೆ ಇಲ್ಲಿಯವರು ಇಟ್ಟಿರುವ ನಂಬಿಕೆಗೆ ಸಾಕ್ಷಿ. ಕಲಘಟಗಿ ಸೀಮೆಗೆ ಬರುವ ತಂಡ ರೋಹಿಣಿಗೇ ಬರಲಿ, ರಜೆಯಲ್ಲಾದರೂ ಹತ್ತು ದಿನ ಬರಲಿ. ಮೊದಲ ಎರಡು ವಾರ ವಿದ್ಯಾರ್ಥಿ ಯಾವ ಪ್ರಾತ್ಯಕ್ಷಿಕೆಯನ್ನೂ ಮಾಡದೆ ಯಜಮಾನರು ಹೇಳಿದ ಕೆಲಸ ಮಾಡಲಿ. ನಕ್ಷೆಯ ಪುಡಿಯನ್ನು ಊರಿನವರ, ಅದರಲ್ಲೂ ಹೆಂಗಸರ ಕೈಗೆ ಕೊಡಲಿ. ವಿದ್ಯಾರ್ಥಿಯ ಭತ್ಯೆಗೆ ಸಮನಾದ ಮೊತ್ತ ಆತಿಥೇಯರ ಮನೆಗೆ ತಲುಪಲಿ. ಹಳ್ಳಿಯ ವಾಸಕ್ಕೆ ಇಟ್ಟ ಅಂಕಗಳಲ್ಲಿ ಕಾಲು ಭಾಗವನ್ನಾದರೂ ಆ ಮನೆಯ ಯಜಮಾನ ಮತ್ತು ಯಜಮಾನಿ ಹಾಕಲಿ, ಓದು ಬರಹ ಬಾರದಿದ್ದರೆ ಪ್ರಾಧ್ಯಾಪಕರು ಕಟ್ಟೆಯ ಮೇಲೆ ಕೂತು ಕೇಳಿ ಬರೆದುಕೊಳ್ಳಲಿ. ಅಷ್ಟಾಗುವವರೆಗೆ ಈ ಕಾರ್ಯಕ್ರಮಕ್ಕೆ ನನ್ನ ಮೆಚ್ಚುಗೆ ಇಲ್ಲ.