ಕಿರುತೆರೆಯ ನಗೆ ಮತ್ತು ಅದರ ಹೊಣೆ

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗರಾಮೇಶ್ವರಗಳಲ್ಲಿ ಅಶೋಕನ ಶಾಸನಗಳಿರುವುದು ವಾಚಕರಿಗೆ ತಿಳಿದ ವಿಷಯ. 1892ರಲ್ಲಿ ಬಿ. ಎಲ್. ರೈಸ್ ಅವರು ಇವನ್ನು ಬೆಳಕಿಗೆ ತಂದರು. ತಂದೆತಾಯಿಗಳಿಗೆ ವಿಧೇಯರಾಗಿರಬೇಕು, ಜೀವಿಗಳಲ್ಲಿ ದಯೆಯಿರಬೇಕು, ಸತ್ಯವನ್ನು ನುಡಿಯಬೇಕು ಎಂಬುದು ಬ್ರಹ್ಮಗಿರಿಯ ಶಾಸನದ ಸಾರ. ಅದರ ಕೊನೆಯಲ್ಲಿ ಚಪಡನೆಂಬ ಲಿಪಿಕಾರನು ಇದನ್ನು ಬರೆದವನು ತಾನೆಂದು ಹೆಸರು ಕಾಣಿಸಿದ್ದಾನೆ. ಚಕ್ರವರ್ತಿಯ ಮಾತಿನ ಜೊತೆಗೆ ಅದನ್ನು ಬರೆದ ಕೈಯ ಹೆಸರೂ ಉಳಿದಿದೆ. ಇಂದು ಮನೆಮನೆಯ ಕಿರುತೆರೆಯಲ್ಲಿ ಸುಳಿಯುವ ಜಾಹೀರಾತುಗಳಿಗೆ ಇಂಥ ಹೆಸರಿಲ್ಲ. ಇದು ಅಲ್ಪ ವ್ಯತ್ಯಾಸವಲ್ಲ.

ಜಾಹೀರಾತೆಲ್ಲವೂ ಹೇಯವೆಂದು ಬಗೆಯಬೇಕಾಗಿಲ್ಲ. ಚಳ್ಳಕೆರೆಯ ಎಣ್ಣೆ ವರ್ತಕರಿಗೂ ಮೊಳಕಾಲ್ಮೂರಿನ ರೇಷ್ಮೆ ನೇಕಾರರಿಗೂ ತಮ್ಮ ಸರಕಿನ ಗುಣವನ್ನು ನಾಲ್ಕು ಜನಕ್ಕೆ ತಿಳಿಸುವುದು ಅಗತ್ಯವೇ. 1976ರ ಜನವರಿ 1ರಂದು ದೂರದರ್ಶನದಲ್ಲಿ ಜಾಹೀರಾತು ಆರಂಭವಾದಂದಿನಿಂದ, ಅರ್ಧ ನಿಮಿಷದಲ್ಲಿ ನೋಡುಗನ ಮನಸ್ಸನ್ನು ಹಿಡಿಯುವ ಕಲೆಯೊಂದು ಬೆಳೆದಿದೆ. ಜಾಹೀರಾತು ಸಂಸ್ಥೆಗಳೂ ವಿನ್ಯಾಸದ ಸ್ಟುಡಿಯೋಗಳೂ ಅದನ್ನು ವೃತ್ತಿಯಾಗಿಸಿಕೊಂಡಿವೆ. ಆ ಕಲೆಯ ಪ್ರಧಾನ ಸಾಧನ ಹಾಸ್ಯ.

2025ರ ಅಕ್ಟೋಬರಿನಲ್ಲಿ ನಿಧನರಾದ ಪೀಯೂಷ್ ಪಾಂಡೆ ಅವರ ಹೆಸರಿನೊಡನೆ ನೆನೆಯುವ ಫೆವಿಕಾಲ್ ಅಂಟಿನ ಜಾಹೀರಾತನ್ನು ನೋಡಿ. ಮರಳುಗಾಡಿನ ಹಾದಿಯಲ್ಲಿ ಬಸ್ಸೊಂದು ಕುಲುಕುತ್ತ ಸಾಗುತ್ತದೆ, ಅದರ ಮೈತುಂಬ, ನೆತ್ತಿಯ ತುಂಬ ಜನ, ಒಬ್ಬನೂ ಬೀಳುವುದಿಲ್ಲ. ಬಸ್ಸಿನ ಹಿಂಬದಿಯಲ್ಲಿ ಅಂಟಿನ ಹೆಸರು. ತುಂಬಿದ ಬಸ್ಸಿಗೆ ಜೋತುಬಿದ್ದು ಸಂತೆಗೆ ಹೋಗಿಬಂದ ನಮ್ಮ ಸೀಮೆಯವನು ಅದರಲ್ಲಿ ತನ್ನ ಪಾಡನ್ನೇ ಕಂಡು ನಗುತ್ತಾನೆ. ಯಾರಿಗೂ ಅವಮಾನವಿಲ್ಲ.

ಇದಕ್ಕೆ ತೀರ ವಿರುದ್ಧವಾದುದು 2022ರ ಜೂನ್ ತಿಂಗಳಲ್ಲಿ ಪ್ರಸಾರವಾದ ಲೇಯರ್ ಶಾಟ್ ಸುಗಂಧದ್ರವ್ಯದ ಜಾಹೀರಾತು. ಅಂಗಡಿಯೊಂದರಲ್ಲಿ ನಾಲ್ವರು ಯುವಕರು. ಅವರ ಮುಂದೆ ಒಂಟಿ ಹುಡುಗಿ. ನಾವು ನಾಲ್ವರು, ಇರುವುದು ಒಂದೇ, ಯಾರು ಎಂದು ಅವರು ಮಾತನಾಡಿಕೊಳ್ಳುತ್ತಾರೆ. ಹುಡುಗಿ ಬೆಚ್ಚಿ ತಿರುಗುತ್ತಾಳೆ. ಮಾತು ಕಪಾಟಿನಲ್ಲಿ ಉಳಿದ ಒಂದೇ ಸೀಸೆಯ ಬಗ್ಗೆ ಎಂದು ಆಮೇಲೆ ತಿಳಿಯುತ್ತದೆ. ಇಷ್ಟೇ ಹಾಸ್ಯ.

ಇದರ ರಚನೆಯನ್ನು ಪರಿಶೀಲಿಸಿದರೆ ದೋಷವು ಬರಿಯ ಅಶ್ಲೀಲತೆಯಲ್ಲಿಲ್ಲವೆಂಬುದು ಸ್ಪಷ್ಟವಾಗುತ್ತದೆ. ಹುಡುಗಿ ನಿಜವಾಗಿ ಹೆದರದಿದ್ದರೆ ಇಲ್ಲಿ ನಗೆ ಹುಟ್ಟುವುದೇ ಇಲ್ಲ. ಅವಳ ಭಯವೇ ಬಂಡವಾಳ. ಕೊನೆಗೆ ತಪ್ಪಾಗಿ ತಿಳಿದವಳು ಅವಳೆಂದು ತೋರಿಸಿ, ಆ ಭಯವನ್ನೇ ಮೂರ್ಖತನವೆಂದು ಸಾರಲಾಗುತ್ತದೆ. ಕಾಲೇಜು ಮುಗಿಸಿ ಮುಸ್ಸಂಜೆಯಲ್ಲಿ ಚಳ್ಳಕೆರೆಯ ನಿಲ್ದಾಣದಲ್ಲಿ ಹಳ್ಳಿಯ ಬಸ್ಸಿಗೆ ಕಾಯುವ ಹೆಣ್ಣುಮಗಳಿಗೆ ಆ ಭಯ ಮೂರ್ಖತನವಲ್ಲ. ತಾಯಿ ಹೇಳಿಕೊಟ್ಟ ಎಚ್ಚರ. ಅದನ್ನು ನಗೆಗೀಡು ಮಾಡಿದರೆ ನಾಳೆ ಅವಳು ದೂರು ಹೇಳಿದಾಗಲೂ ನಗುವವರೇ ಹೆಚ್ಚಾಗುತ್ತಾರೆ. ನಮ್ಮ ಬಯಲಾಟದ ಸಾರಥಿಯೂ ನಗಿಸುತ್ತಾನೆ. ಆದರೆ ಅವನ ಕೊಂಕುಮಾತು ಮೆರೆಯುವ ಅರಸನಿಗೆ ತಾಗುತ್ತದೆ, ಅಂಜಿ ನಿಂತವಳಿಗಲ್ಲ.

ಸಾರ್ವಜನಿಕ ಆಕ್ಷೇಪವೆಲ್ಲವೂ ನ್ಯಾಯವೆಂದು ಹೇಳುವಂತಿಲ್ಲ. 2020ರಲ್ಲಿ, ಮುಸ್ಲಿಂ ಮನೆಯವರು ಹಿಂದೂ ಸೊಸೆಗೆ ಸೀಮಂತ ಮಾಡುವ ತನಿಷ್ಕ್ ಜಾಹೀರಾತನ್ನು ಗದ್ದಲಕ್ಕೆ ಅಂಜಿ ಹಿಂತೆಗೆಯಲಾಯಿತು. ಅದರಿಂದ ನೊಂದ ದುರ್ಬಲರು ಯಾರು? ಆದುದರಿಂದ ಗದ್ದಲದ ಪ್ರಮಾಣವು ಅಳತೆಗೋಲಾಗದು. ಪೆಟ್ಟು ಯಾರ ಮೇಲೆ ಬೀಳುತ್ತದೆಂಬುದೇ ಅಳತೆಗೋಲಾಗಬೇಕು.

ಕಾನೂನು ಇಲ್ಲವೆಂದಲ್ಲ. 1985ರಿಂದ ಜಾಹೀರಾತು ಉದ್ಯಮದ್ದೇ ಒಂದು ಸ್ವನಿಯಂತ್ರಣ ಮಂಡಳಿಯಿದೆ. 1994ರ ಕೇಬಲ್ ಟೆಲಿವಿಷನ್ ನಿಯಮಗಳು ಸಭ್ಯತೆಗೆ ಧಕ್ಕೆ ತರುವ ಜಾಹೀರಾತನ್ನು ನಿಷೇಧಿಸುತ್ತವೆ. ಕೇಂದ್ರ ವಾರ್ತಾ ಇಲಾಖೆ 2022ರಲ್ಲಿ ಆ ಜಾಹೀರಾತನ್ನು ನಿಲ್ಲಿಸಿತು. ಕಂಪನಿ ಕ್ಷಮೆ ಕೋರಿತು. ಆದರೆ ಅಗತ್ಯವಾದ ಅನುಮತಿ ಪಡೆದೇ ಪ್ರಸಾರ ಮಾಡಿದೆವೆಂದೂ ಅದು ಹೇಳಿತು. ಈ ಮಾತೇ ಹೆಚ್ಚು ಕಳವಳಕಾರಿ. ಬರೆದವರು, ಚಿತ್ರಿಸಿದವರು, ಹಣ ಕೊಟ್ಟವರು, ಪ್ರಸಾರ ಮಾಡಿದವರು, ಇಷ್ಟು ಕೈಗಳನ್ನು ದಾಟಿ ಬಂದರೂ ಅದು ಎಲ್ಲಿಯೂ ತಡೆಯಲ್ಪಡಲಿಲ್ಲ. ಹಲವು ಕೈಗಳ ಕೆಲಸದಲ್ಲಿ ಹೆಸರಿಲ್ಲದಿದ್ದರೆ ಹೊಣೆಯೂ ಹಂಚಿಹೋಗಿ ಇಲ್ಲವಾಗುತ್ತದೆ.

ಚಲನಚಿತ್ರಕ್ಕಿರುವಂತೆ ಜಾಹೀರಾತಿಗೂ ರಚಿಸಿದವರ ಹೆಸರನ್ನು ತೆರೆಯ ಮೂಲೆಯಲ್ಲಾದರೂ ಕಾಣಿಸುವ ನಿಯಮ ಬರಬೇಕು. ಅಲ್ಲಿಯವರೆಗೆ, ಜಾಹೀರಾತು ಮಾಡಿಸುವ ನಮ್ಮ ಊರಿನ ವರ್ತಕರು, ಇದನ್ನು ಮನೆಯ ಹೆಣ್ಣುಮಕ್ಕಳ ಜೊತೆ ಕುಳಿತು ನೋಡಿ ಅವರೊಡನೆ ನಗಬಲ್ಲೆವೇ ಎಂದು ಮೊದಲು ಕೇಳಿಕೊಳ್ಳಲಿ. ಅಷ್ಟು ವಿವೇಚನೆಗೆ ಯಾವ ಇಲಾಖೆಯ ಆದೇಶವೂ ಬೇಕಿಲ್ಲ.